ಬುಖಾರಾ: ಒಂದು ಅರಸೊತ್ತಿಗೆಯ ಪತನ

'ಬುಖಾರಿ' ಎಂಬ ಹೆಸರನ್ನು ಕೇಳದ ಮುಸ್ಲಿಮ್ ಮನೆ ನಮ್ಮಲ್ಲಿರಲಾರದು. ಇಮಾಮ್ ಮುಹಮ್ಮದ್ ಬಿನ್ ಇಸ್ಮಾಈಲ್ ಬುಖಾರಿ(ರ) ಅವರು ಕ್ರಿ.ಶ. 810ರಲ್ಲಿ ಜನಿಸಿದ ನಗರವೇ ಬುಖಾರಾ. ಆದರೆ ಅದೇ ನಗರದಿಂದ ಆಳುತ್ತಿದ್ದ ಉಜ್ಬೆಕ್ ಅರಸೊತ್ತಿಗೆಯೊಂದು 1920ರಲ್ಲಿ ಕುಸಿದು ಬಿದ್ದ ಇತಿಹಾಸವು ನಮ್ಮಲ್ಲಿ ಹೆಚ್ಚಿನವರಿಗೆ ಅಪರಿಚಿತ.

1500ರ ಹೊತ್ತಿಗೆ ಮುಹಮ್ಮದ್ ಶೈಬಾನಿ ಖಾನನ ನೇತೃತ್ವದಲ್ಲಿ ಉಜ್ಬೆಕರು ತೈಮೂರನ ವಂಶಜರಿಂದ ಈ ನಾಡನ್ನು ವಶಪಡಿಸಿಕೊಂಡರು. ಮುಂದೆ ಭಾರತದಲ್ಲಿ ಮೊಗಲ್ ಸಾಮ್ರಾಜ್ಯವನ್ನು ಸ್ಥಾಪಿಸಿದ ಬಾಬರನು ಸಮರ್ಕಂದನ್ನು ಕಳೆದುಕೊಂಡದ್ದು ಇವರ ಕೈಯಲ್ಲೇ. ಆ ಶತಮಾನದಲ್ಲಿ ಮೀರ್ ಅರಬ್ ಮದ್ರಸದಂತಹ ವಿದ್ಯಾಕೇಂದ್ರಗಳು ತಲೆಯೆತ್ತಿದವು. 1785ರಲ್ಲಿ ಮಂಗೀತ್ ಕುಲದ ಶಾಹ್ ಮುರಾದ್ ಅಧಿಕಾರಕ್ಕೆ ಬಂದನು. ಚಂಗೀಸ್ ಖಾನನ ವಂಶದವನಲ್ಲದ ಆತನು 'ಖಾನ್' ಎಂಬುದರ ಬದಲು 'ಅಮೀರ್' ಎಂಬ ಬಿರುದನ್ನು ಧರಿಸಿದನು. ಸರಳವಾಗಿ ಬದುಕಿದ ಆತನು ಪಾಳುಬಿದ್ದಿದ್ದ ವಕ್ಫ್ ಆಸ್ತಿಗಳನ್ನು ಪುನರುಜ್ಜೀವನಗೊಳಿಸಿದನು.

ಆದರೆ ಮುಂದಿನವರಲ್ಲಿ ಆ ದೂರದೃಷ್ಟಿ ಉಳಿಯಲಿಲ್ಲ. ಬುಖಾರಾ, ಖೀವಾ, ಕೋಕಂದ್ ಎಂಬ ಮೂರು ನೆರೆ ರಾಜ್ಯಗಳು ಪರಸ್ಪರ ಕಾದಾಡಿ ಸೊರಗಿದವು. 1842ರಲ್ಲಿ ಅಮೀರ್ ನಸ್ರುಲ್ಲಾ ಕೋಕಂದಿನ ಮೇಲೆಯೇ ದಂಡೆತ್ತಿ ಹೋದನು. ಅತ್ತ ಉತ್ತರದಿಂದ ರಷ್ಯನ್ ಸೇನೆ ಹೆಜ್ಜೆಹೆಜ್ಜೆಯಾಗಿ ಮುಂದೊತ್ತುತ್ತಿತ್ತು. ಬುಖಾರಾದ ಸಂತೆಯಲ್ಲಿ ಶಿಯಾ ಇರಾನಿಗಳನ್ನು ಗುಲಾಮರಾಗಿ ಮಾರಲಾಗುತ್ತಿತ್ತು. ಪಂಥಭೇದವೇ ಅದಕ್ಕೆ ಸಮರ್ಥನೆಯಾಗಿತ್ತು. ಆ ವ್ಯಾಪಾರವನ್ನು ನಿಷೇಧಿಸಲು 1873ರ ರಷ್ಯನ್ ಒಪ್ಪಂದವೇ ಬೇಕಾಯಿತೆಂಬುದು ನಾವು ತಲೆತಗ್ಗಿಸಬೇಕಾದ ಸಂಗತಿ.

1865ರಲ್ಲಿ ತಾಷ್ಕೆಂಟ್, 1868ರಲ್ಲಿ ಸಮರ್ಕಂದ್ ರಷ್ಯದ ಪಾಲಾದವು. ಬುಖಾರಾದ ಹೊಲಗಳಿಗೆ ನೀರುಣಿಸುವ ಜರಫ್ಶಾನ್ ನದಿಯು ಸಮರ್ಕಂದನ್ನು ದಾಟಿಯೇ ಹರಿದು ಬರುತ್ತದೆ. ಹೀಗೆ ಅಮೀರನ ಸಿಂಹಾಸನ ಉಳಿಯಿತು, ಆದರೆ ನೀರಿನ ಕೀಲಿಕೈ ಪರರ ವಶವಾಯಿತು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ 'ಜದೀದಿ'ಗಳೆಂಬ ಸುಧಾರಕರು ಮಕ್ಕಳಿಗೆ ಧಾರ್ಮಿಕ ಶಿಕ್ಷಣದ ಜೊತೆಗೆ ಗಣಿತ, ಭೂಗೋಳಗಳನ್ನೂ ಕಲಿಸುವ ಶಾಲೆಗಳನ್ನು ತೆರೆದರು. ಉಲಮಾಗಳಲ್ಲಿ ಅನೇಕರು ಅದನ್ನು ವಿರೋಧಿಸಿದರು. 1917ರಲ್ಲಿ ಅಮೀರ್ ಆಲಿಮ್ ಖಾನ್ ಸುಧಾರಣೆಯ ಭರವಸೆಯಿತ್ತು, ಬಳಿಕ ಸುಧಾರಕರನ್ನೇ ದಮನಿಸಿದನು. ಲೇಖಕ ಸದ್ರುದ್ದೀನ್ ಐನಿಗೆ 75 ಛಡಿಯೇಟುಗಳು ಬಿದ್ದವು. ಸ್ವಂತ ನಾಡಿನಲ್ಲಿ ನೆಲೆ ಕಾಣದ ಯುವಕರು ಬೋಲ್ಶೆವಿಕರ ನೆರವನ್ನು ಯಾಚಿಸಿದರು.

1920ರ ಆಗಸ್ಟ್ ಅಂತ್ಯದಲ್ಲಿ ಫ್ರುಂಝೆಯ ಕೆಂಪು ಸೇನೆಯು ಫಿರಂಗಿ, ವಿಮಾನಗಳೊಂದಿಗೆ ಬುಖಾರಾದ ಮೇಲೆರಗಿತು. ಸೆಪ್ಟೆಂಬರ್ 2ರಂದು ಉರಿಯುತ್ತಿದ್ದ ನಗರವು ಶರಣಾಯಿತು. ಪಲಾಯನಗೈದ ಆಲಿಮ್ ಖಾನ್ 1944ರಲ್ಲಿ ಕಾಬೂಲಿನಲ್ಲಿ ಮೃತಪಟ್ಟನು. ನೆರವು ಯಾಚಿಸಿದವರಿಗೂ ಸ್ವಾತಂತ್ರ್ಯ ದಕ್ಕಲಿಲ್ಲ: ಅವರ ಗಣರಾಜ್ಯವು 1924ರಲ್ಲಿ ಅಳಿಯಿತು, ಅವರ ನಾಯಕ ಫೈಝುಲ್ಲಾ ಖೋಜಾಯೆವ್ 1938ರಲ್ಲಿ ಸ್ಟಾಲಿನನ ಆಡಳಿತದಲ್ಲಿ ಮರಣದಂಡನೆಗೆ ಗುರಿಯಾದನು. ಮದ್ರಸಗಳು ಮುಚ್ಚಲ್ಪಟ್ಟವು, ಮೀರ್ ಅರಬ್ ಮದ್ರಸದ ಬಾಗಿಲು ಮತ್ತೆ ತೆರೆದದ್ದು ಎರಡನೇ ಮಹಾಯುದ್ಧದ ನಂತರವೇ.

ಇಮಾಮ್ ಬುಖಾರಿ(ರ) ಅವರು ಜ್ಞಾನವನ್ನರಸಿ ನಾಡಿನಿಂದ ನಾಡಿಗೆ ಅಲೆದವರು. ಅವರ ಊರಿನಲ್ಲಿಯೇ ಶಾಲೆ ತೆರೆದವರು ಅಪರಾಧಿಗಳಾದರು. ಇಂದು ನಮ್ಮ ಮೊಹಲ್ಲಾಗಳಲ್ಲಿ ಹೊಸದನ್ನು ಕಲಿಸಬಯಸುವ ಯುವಕರ ಮಾತಿಗೆ ನಾವು ಕಿವಿಗೊಡುತ್ತಿದ್ದೇವೆಯೇ, ಅಥವಾ ಅವರನ್ನು ಹೊಸ್ತಿಲಾಚೆಗೆ ದೂಡುತ್ತಿದ್ದೇವೆಯೇ? ಅಲ್ಲಾಹನು ನಮಗೆ ಇತಿಹಾಸದಿಂದ ಪಾಠ ಕಲಿಯುವ ವಿವೇಕವನ್ನು ಕರುಣಿಸಲಿ, ಆಮೀನ್.