ಹಿರಿಯರ ಬರಹದಲ್ಲಿ ಸೊರಗುತ್ತಿರುವ ವ್ಯಾಕರಣ

ಮದುವೆಯ ಕರೆಯೋಲೆ, ಸಂಘದ ವಾರ್ಷಿಕೋತ್ಸವದ ಆಮಂತ್ರಣ, ಶ್ರದ್ಧಾಂಜಲಿಯ ಫಲಕ – ಹೊರನಾಡಿನ ಅನೇಕ ಕನ್ನಡ ಮನೆಗಳ ಮಕ್ಕಳ ಕಣ್ಣಿಗೆ ಬೀಳುವ ಕನ್ನಡ ಬರಹ ಬಹುಪಾಲು ಇಷ್ಟೇ. ಶಾಲೆಯಲ್ಲಿ ಕನ್ನಡ ಕಲಿಯದ ಇವರಿಗೆ ಹಿರಿಯರ ಬರಹವೇ ಪಠ್ಯಪುಸ್ತಕ. ಅದರಲ್ಲೇ ತಪ್ಪುಗಳು ತುಂಬಿರುವುದು ಖೇದಕರ.

ಅಕ್ಷರದೋಷ: ಅಲ್ಪಪ್ರಾಣ, ಮಹಾಪ್ರಾಣಗಳು ಅದಲುಬದಲಾದರೆ ಅರ್ಥವೇ ಕೆಡುತ್ತದೆ. 'ಧನ' ಎಂದರೆ ಹಣ, 'ದನ' ಎಂದರೆ ಜಾನುವಾರು. 'ಧನಸಹಾಯ' ಕೋರುವ ಮನವಿಯಲ್ಲಿ 'ದನಸಹಾಯ' ಎಂದು ಅಚ್ಚಾದರೆ ಓದುಗರು ನಗದಿರಲಾರರು. 'ಹಾರ್ದಿಕ' ಎಂಬುದು 'ಹಾರ್ಧಿಕ'ವೂ 'ಶುಭಾಶಯ' ಎಂಬುದು 'ಶುಭಾಷಯ'ವೂ ಆಗುವುದುಂಟು. 'ಆಶೀರ್ವಾದ'ದಲ್ಲಿ ರೇಫದ ಉಚ್ಚಾರ 'ವಾ' ಅಕ್ಷರಕ್ಕೆ ಮೊದಲು ಬರುತ್ತದೆ. ಆದ್ದರಿಂದ 'ಆರ್ಶೀವಾದ' ಎಂಬ ಬರಹ ತಪ್ಪು. ಆಡುಮಾತಿನಲ್ಲಿ ಹಕಾರ ಅಕಾರವಾಗುವುದು ಆಯಾ ಪ್ರದೇಶದ ರೂಢಿ, ಅದನ್ನು ಹೀಗಳೆಯಬೇಕಿಲ್ಲ. ಆದರೆ ಬರಹದಲ್ಲಿ 'ಹಕ್ಕಿ' ಮತ್ತು 'ಅಕ್ಕಿ' ಬೇರೆಬೇರೆಯೇ.

ಸಂಧಿದೋಷ: 'ಲಕ್ಷಾಂತರ' ಎಂಬುದು ಸವರ್ಣದೀರ್ಘ ಸಂಧಿ. ಅದನ್ನು ಕಂಡು ಹಲವರು 'ಕೋಟ್ಯಾಂತರ' ಎಂದು ಬರೆಯುತ್ತಾರೆ. ಕೋಟಿ + ಅಂತರ ಎಂಬಲ್ಲಿ ಆಗುವುದು ಯಣ್ ಸಂಧಿ; 'ಕೋಟ್ಯಂತರ'ವೇ ಸರಿ. 'ಜಾತ್ಯತೀತ'ವೂ ಹಾಗೆಯೇ.

ಲೇಖನ ಚಿಹ್ನೆ: ಅಲ್ಪವಿರಾಮ, ಪ್ರಶ್ನಾರ್ಥಕ ಮೊದಲಾದ ಚಿಹ್ನೆಗಳು ಕನ್ನಡದಲ್ಲಿ ನೆಲೆಗೊಂಡದ್ದು ಮುದ್ರಣ ಬಂದ ಬಳಿಕ. ಹೊಸದಾಗಿ ಬಂದವಾದರೂ ಇಂದು ಅವು ಅನಿವಾರ್ಯ. 'ಅಧ್ಯಕ್ಷರೇ ಬಂದಿದ್ದಾರೆ' ಎಂದರೆ ಸ್ವತಃ ಅಧ್ಯಕ್ಷರು ಬಂದಿದ್ದಾರೆ ಎಂದರ್ಥ. 'ಅಧ್ಯಕ್ಷರೇ, ಬಂದಿದ್ದಾರೆ' ಎಂದರೆ ಬೇರೆ ಯಾರೋ ಬಂದುದನ್ನು ಅಧ್ಯಕ್ಷರಿಗೆ ತಿಳಿಸಿದಂತೆ. ಒಂದು ಅಲ್ಪವಿರಾಮದಿಂದ ಇಷ್ಟು ವ್ಯತ್ಯಾಸ!

ಕಾರಣ ಮತ್ತು ಪರಿಹಾರ: ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1604ರಲ್ಲಿ ಭಟ್ಟಾಕಳಂಕನ 'ಶಬ್ದಾನುಶಾಸನ', 1894ರಲ್ಲಿ ಕಿಟ್ಟೆಲರ ನಿಘಂಟು – ನಮ್ಮ ಪರಂಪರೆ ಬಡವಾದುದಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಉದ್ಯೋಗದಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ತಮಿಳು ಅಥವಾ ಹಿಂದಿ. ಕನ್ನಡದಲ್ಲಿ ಬರೆಯುವ ಅಭ್ಯಾಸ ತಪ್ಪುತ್ತದೆ. ಮೊಬೈಲಿನಲ್ಲಿ ಅವಸರವಾಗಿ ಒತ್ತಿದ ಅಕ್ಷರಗಳನ್ನು ಮರಳಿ ಓದುವ ವ್ಯವಧಾನವೂ ಇಲ್ಲ. ತಪ್ಪು ತೋರಿಸಿದವರಿಗೆ 'ಅರ್ಥವಾದರೆ ಸಾಕಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದೇ ಮಹನೀಯರು ಇಂಗ್ಲಿಷ್ ಪತ್ರದ ಒಂದು ಅಕ್ಷರ ತಪ್ಪಿದರೂ ನಾಚಿಕೊಳ್ಳುತ್ತಾರೆ!

ನಾಡೋಜ ಜಿ. ವೆಂಕಟಸುಬ್ಬಯ್ಯನವರು (1913–2021) 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಸಂಶಯಗಳನ್ನು ಬಹುಕಾಲ ಪರಿಹರಿಸಿದರು. ಆ ಅಂಕಣದ ಬರಹಗಳು ಪುಸ್ತಕರೂಪದಲ್ಲಿಯೂ ಬಂದಿವೆ. ಅಂಥ ಗ್ರಂಥವೊಂದು, ಒಂದು ಕನ್ನಡ ನಿಘಂಟು ಪ್ರತಿ ಮನೆಯಲ್ಲಿಯೂ ಸಂಘದ ಕಚೇರಿಯಲ್ಲಿಯೂ ಇರಲಿ. ಯಾವುದೇ ಆಮಂತ್ರಣ ಅಚ್ಚಿಗೆ ಹೋಗುವ ಮುನ್ನ ಕರಡನ್ನು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಬೇಕು. ಓದುವವರ ಪಕ್ಕದಲ್ಲಿ ಮಕ್ಕಳನ್ನೂ ಕೂರಿಸಿಕೊಂಡರೆ ಅವರಿಗೂ ನಾಲ್ಕು ಅಕ್ಷರ ಸರಿಯಾಗಿ ದಕ್ಕೀತು.