ಅಡ್ಡಹೆಸರಿಗೊಂದು ಲಾಂಛನವೆಲ್ಲಿದೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹೊಸಬರನ್ನು ಕಂಡಾಗ ಹೆಸರು ಕೇಳಿದ ಬೆನ್ನಿಗೇ ಬರುವ ಪ್ರಶ್ನೆ, 'ಅಡ್ಡಹೆಸರೇನ್ರಿ?' ಹಳೆ ಮೈಸೂರಿನವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಊರಿನದೋ ತಂದೆಯದೋ ಮೊದಲಕ್ಷರ ಹಚ್ಚಿಕೊಂಡರೆ ಸಾಕಾಗುತ್ತದೆ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಶಾಲೆಯ ದಾಖಲೆಯಿರಲಿ, ಹೊಲದ ಉತಾರವಿರಲಿ, ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯುವುದೇ ಇಲ್ಲಿಯ ರೂಢಿಯಾಯಿತು.

ಈಚೆಗೆ ಈ ಅಡ್ಡಹೆಸರಿನ ಮೂಲ ಹುಡುಕುವ ಹುರುಪು ಓದಿದ ಮಕ್ಕಳಲ್ಲಿ ಹೆಚ್ಚುತ್ತಿದೆ. ಒಳ್ಳೆಯದೇ. ಆದರೆ ಅದರ ಜೊತೆಗೆ ಇನ್ನೊಂದು ಗೀಳೂ ಬಂದಿದೆ. ವಿಲಾಯತಿಯ ಮನೆತನಗಳಿಗೆ ಗುರಾಣಿ, ಸಿಂಹ, ಕಿರೀಟಗಳ ಲಾಂಛನವಿರುವಂತೆ ನಮ್ಮ ಮನೆತನಕ್ಕೂ ಒಂದು ಇದ್ದಿರಬೇಕಲ್ಲವೇ ಎಂಬ ಆಸೆ ಅದು. ದುಡ್ಡು ಕೊಟ್ಟರೆ ಯಾವ ಅಡ್ಡಹೆಸರಿಗಾದರೂ ಲಾಂಛನ ಮುದ್ರಿಸಿ ಚೌಕಟ್ಟು ಹಾಕಿ ಕೊಡುವ ವ್ಯಾಪಾರಿಗಳೂ ಇದ್ದಾರೆ.

ಇಂಗ್ಲೆಂಡಿನಲ್ಲೇ ಈ ವ್ಯಾಪಾರಕ್ಕೆ ಆಧಾರವಿಲ್ಲ. ಅಲ್ಲಿ ಲಾಂಛನಗಳನ್ನು ನೋಡಿಕೊಳ್ಳುವ ಸಂಸ್ಥೆಗೆ 1484ರಲ್ಲಿ ಅರಸನ ಸನ್ನದು ಸಿಕ್ಕಿತು. ಲಾಂಛನವನ್ನು ಕೊಡುವುದು ಒಬ್ಬ ವ್ಯಕ್ತಿಗೆ. ಅವನ ತರುವಾಯ ಅದು ಅವನ ಸಂತತಿಗೆ ಸಲ್ಲುತ್ತದೆ. ಒಂದೇ ಅಡ್ಡಹೆಸರಿನ ಸಾವಿರ ಜನರಿಗೆಲ್ಲ ಒಂದು ಲಾಂಛನ ಎಂಬುದು ಅಲ್ಲಿಯೂ ಇಲ್ಲ. ನಮ್ಮ ದೇಶಕ್ಕೆ ಈ ಪದ್ಧತಿ ಬಂದದ್ದು 1877ರ ದೆಹಲಿ ದರ್ಬಾರಿನಲ್ಲಿ. ಲಾರ್ಡ್ ಲಿಟ್ಟನ್ ಸಂಸ್ಥಾನಿಕರಿಗೆ ಲಾಂಛನವಿದ್ದ ರೇಶ್ಮೆ ಬಾವುಟಗಳನ್ನು ಹಂಚಿದನು. ಅವನ್ನು ರೂಪಿಸಿದವನು ಬಂಗಾಳದ ನಾಗರಿಕ ಸೇವೆಯಲ್ಲಿದ್ದ ರಾಬರ್ಟ್ ಟೇಲರ್ ಎಂಬ ಅಧಿಕಾರಿ. ಅಂದರೆ ಆ ಲಾಂಛನಗಳು ಮುಟ್ಟಿದ್ದು ಅರಮನೆಗಳನ್ನು. ಹುಕ್ಕೇರಿಯ ಇನಾಮದಾರನ ವಾಡೆಗೆ ಅವು ಬರಲಿಲ್ಲ.

ಹಾಗೆಂದು ನಮ್ಮಲ್ಲಿ ಲಾಂಛನವೇ ಇರಲಿಲ್ಲವೆಂದಲ್ಲ. ಈ ಸೀಮೆ ಹಿಂದೆ ಕೂಂಡಿ ಮೂರುಸಾವಿರ ನಾಡಿಗೆ ಸೇರಿತ್ತು. ಅದನ್ನಾಳಿದ ಸವದತ್ತಿಯ ರಟ್ಟರು ತಮ್ಮ ಶಾಸನಗಳಲ್ಲಿ ಸಿಂಧೂರ ಲಾಂಛನ, ಸುವರ್ಣ ಗರುಡಧ್ವಜ ಎಂದು ಹೇಳಿಕೊಂಡಿದ್ದಾರೆ. ಸಿಂಧೂರವೆಂದರೆ ಇಲ್ಲಿ ಆನೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿದ್ದ ಗಂಡಭೇರುಂಡ ಮೈಸೂರು ಅರಸರಿಗೆ ಬಂತು, ಇಂದು ಕರ್ನಾಟಕ ಸರಕಾರದ ಲಾಂಛನದಲ್ಲಿದೆ. ಇವೆಲ್ಲ ಆಳುವವರ ಗುರುತುಗಳು.

ಮುಸ್ಲಿಂ ಜಗತ್ತಿನಲ್ಲಿಯೂ ಇದಕ್ಕೆ ಒಂದು ಸೊಗಸಾದ ಉದಾಹರಣೆ ಇದೆ. 13ರಿಂದ 16ನೇ ಶತಮಾನದ ಆರಂಭದವರೆಗೆ ಈಜಿಪ್ತ್ ಮತ್ತು ಸಿರಿಯಾಗಳನ್ನಾಳಿದ ಮಮ್ಲೂಕರ ಅಮೀರರು ತಮ್ಮ ಕಟ್ಟಡ, ದೀಪ, ಪಾತ್ರೆಗಳ ಮೇಲೆ 'ರಂಕ್' ಎಂಬ ಗುರುತು ಹಾಕಿಸುತ್ತಿದ್ದರು. ಎಲ್. ಎ. ಮೇಯರ್ 1933ರಲ್ಲಿ ಇವುಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಸುಲ್ತಾನನಿಗೆ ಪಾನೀಯ ಕೊಡುವವನಾಗಿದ್ದವನ ಗುರುತು ಬಟ್ಟಲು. ಲೇಖನಿ ಪೆಟ್ಟಿಗೆ ಹಿಡಿಯುವವನದು ಆ ಪೆಟ್ಟಿಗೆಯೇ. ಆಯುಧ ಕಾಯುವವನದು ಖಡ್ಗ. ಅಮೀರನಾಗಿ ಮೆರೆದ ಮೇಲೂ ತಾನು ಮಾಡಿದ ಚಾಕರಿಯ ಗುರುತನ್ನು ಅವನು ಬಾಗಿಲ ಮೇಲೆ ಕೆತ್ತಿಸುತ್ತಿದ್ದ. ಗುಲಾಮನಾಗಿ ಬಂದವನಿಗೆ ಹೇಳಿಕೊಳ್ಳಲು ವಂಶವಿರಲಿಲ್ಲ, ಕೆಲಸವಿತ್ತು.

ನಮ್ಮ ಹಳ್ಳಿಯ ಕಾಗದಪತ್ರಗಳಲ್ಲಿ ಕಾಣುವುದೂ ಇದೇ. ಮರಾಠರ ಕಾಲದ ವತನದ ಪತ್ರಗಳಲ್ಲಿ ಗೌಡ ಅಥವಾ ಪಾಟೀಲನ ಸಹಿಯ ಬದಲು ನೇಗಿಲಿನ ಚಿತ್ರವಿರುತ್ತದೆ. 'ನಿಶಾನಿ ನಾಂಗರ' ಎಂದು ಪಕ್ಕದಲ್ಲಿ ಬರೆದಿರುತ್ತದೆ. ಲೆಕ್ಕ ಬರೆಯುವ ಕುಲಕರ್ಣಿಯದು ಲೇಖನಿ. ಆಯಗಾರರು ತಮ್ಮ ತಮ್ಮ ಕಸುಬಿನ ಹತ್ಯಾರದ ಚಿತ್ರ ಬರೆದು ಸಾಕ್ಷಿ ಹಾಕುತ್ತಿದ್ದರು. ಖಾಜಿಯದು ಹೆಸರು ಮತ್ತು ಹಿಜರಿ ವರ್ಷ ಕೊರೆದ ಮೊಹರು. ಮನೆತನದ ಲಾಂಛನ ಬೇಕೇಬೇಕೆನ್ನುವವರು ಈ ನೇಗಿಲು, ಲೇಖನಿ, ಮೊಹರುಗಳನ್ನು ನೋಡಬೇಕು. ಅಂಗಡಿಯ ಸಿಂಹಕ್ಕಿಂತ ಇವೇ ಹೆಚ್ಚು ನಿಜ.

ಇನ್ನು ಅಡ್ಡಹೆಸರುಗಳ ಮಾತು. 'ಸನದಿ' ಎಂಬುದನ್ನೇ ನೋಡಿ. ಸನದು ಎಂದರೆ ಅಧಿಕಾರ ಕೊಟ್ಟ ಪತ್ರ. ಹಳ್ಳಿಯ ಕಾವಲಿನ ಕೆಲಸಕ್ಕೆ ಸಂಬಳದ ಬದಲು ಹೊಲದ ಸನದು ಪಡೆದವರು ಶೇತಸನದಿಗಳು. ಬೆಳಗಾವಿ, ಧಾರವಾಡ ಭಾಗದಲ್ಲಿ ಇವರ ಸಂಖ್ಯೆ ದೊಡ್ಡದಿತ್ತು. ಕಂಪನಿ ಸರಕಾರದ ವಿರುದ್ಧ ಎದ್ದುನಿಂತ ಸಂಗೊಳ್ಳಿ ರಾಯಣ್ಣ ಶೇತಸನದಿಯೇ. ಪಂಪ ಪ್ರಶಸ್ತಿ ಪಡೆದ ಕವಿ, ಬೆಳಗಾವಿ ಬಳಿಯ ಶಿಂದೊಳ್ಳಿಯ ಬಿ. ಎ. ಸನದಿಯವರ ಅಡ್ಡಹೆಸರೂ ಅದೇ. ಹೆಸರಿನ ಬೇರಿನಲ್ಲಿ ಧರ್ಮವಿಲ್ಲ, ಹುದ್ದೆಯಿದೆ. ದೇಸಾಯಿ, ಇನಾಮದಾರ, ಕಿಲ್ಲೇದಾರ, ಪಾಟೀಲ, ಜಮಾದಾರ ಇವುಗಳನ್ನು ಕೇಳಿ ಎದುರಿನವನು ಹಿಂದೂವೋ ಮುಸ್ಲಿಮನೋ ಎಂದು ಹೇಳಲಾಗದು. ಇದು ಈ ಸೀಮೆಯ ಭಾಗ್ಯವೆಂದೇ ನನ್ನ ಎಣಿಕೆ.

ಜಮಾದಾರ ಎಂಬುದರಲ್ಲಿ ಒಂದು ಎಚ್ಚರ ಬೇಕು. ಮಮ್ಲೂಕರಲ್ಲಿಯೂ 'ಜಾಮ್‌ದಾರ್' ಎಂಬ ಹುದ್ದೆ ಇತ್ತು. ಅವನು ಸುಲ್ತಾನನ ಉಡುಪು ನೋಡಿಕೊಳ್ಳುವವನು. ಜಾಮಾ ಎಂದರೆ ಉಡುಪು. ನಮ್ಮ ಜಮಾದಾರ ಜನರ ಗುಂಪಿನ, ಅಂದರೆ ಸಿಪಾಯಿಗಳ ತುಕಡಿಯ ಮುಖಂಡ. ಸದ್ದು ಒಂದೇ ಎಂದು ಕೈರೋದಿಂದ ಹುಕ್ಕೇರಿಗೆ ವಂಶವೃಕ್ಷ ಬರೆದರೆ ಅದು ಇತಿಹಾಸವಾಗದು.

ಊರ ಹೆಸರಿನ ಅಡ್ಡಹೆಸರುಗಳದು ಬೇರೆಯೇ ತರ್ಕ. ಡಾ. ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಜಾನಪದ ಗಾಯಕ ಹುಕ್ಕೇರಿ ಬಾಳಪ್ಪನವರು 1911ರಲ್ಲಿ ಹುಟ್ಟಿದ್ದು ಮುರಗೋಡದಲ್ಲಿ. ಗೋಕಾಕದಲ್ಲಿಯೇ ಇರುವವನನ್ನು ಗೋಕಾಕದವನು ಎಂದು ಕರೆಯುವ ಪ್ರಸಂಗವೇ ಬರುವುದಿಲ್ಲ. ಊರು ಬಿಟ್ಟ ಮೇಲೆ ಹೊಸ ಊರಿನವರು ಕೊಡುವ ಹೆಸರು ಅದು. ಆದ್ದರಿಂದ ಮೂಡಲಗಿ ಎಂಬ ಅಡ್ಡಹೆಸರಿನವರು ಬೇರೆಡೆ ಇದ್ದರೆ ಆಶ್ಚರ್ಯಪಡಬೇಕಿಲ್ಲ.

ಕಸುಬಿನ ಹೆಸರುಗಳ ವಿಷಯಕ್ಕೆ ಬಂದರೆ ಮನಸ್ಸು ಭಾರವಾಗುತ್ತದೆ. ಅತ್ತಾರ ಸುಗಂಧ ಮಾರುವವನು, ತಾಂಬೋಳಿ ಎಲೆಯಡಿಕೆಯವನು, ಬಾಗವಾನ ತೋಟದವನು, ಮುಜಾವರ ದರ್ಗಾದ ಸೇವೆಯವನು. ನದಾಫ ಎಂಬುದು ಹತ್ತಿ ಹಿಂಜುವವನಿಗಿರುವ ಅರಬ್ಬಿ ಪದ. ಅದೇ ಕೆಲಸಕ್ಕೆ ದೇಶೀಯ ಪದ ಪಿಂಜಾರ. ಗೋಕಾಕ ಫಾಲ್ಸ್‌ನಲ್ಲಿ 1880ರ ದಶಕದಲ್ಲಿ ನೂಲಿನ ಗಿರಣಿ ಎದ್ದಿತು. ಇತ್ತ ಮನೆಮನೆಗೆ ಹೋಗಿ ಗಾದಿಯ ಹತ್ತಿ ಹಿಂಜುವ ಬಿಲ್ಲಿನ ನಾದ ಬಹಳ ಕಾಲ ಉಳಿದಿತ್ತು. ಇಂದು ಈ ಹೆಸರುಗಳನ್ನು ಬಿಟ್ಟು ಶೇಖ್, ಖಾನ್, ಸಯ್ಯದ್ ಆಗುವವರಿದ್ದಾರೆ. ಅವರನ್ನು ಹೀಯಾಳಿಸುವುದು ಸುಲಭ. ಆದರೆ ಮದುವೆ ಮಾತುಕತೆಯಲ್ಲಿ ಪಿಂಜಾರ ಎಂದೊಡನೆ ಮುಖ ತಿರುಗಿಸುವವರು ನಮ್ಮವರೇ ಅಲ್ಲವೇ? ವಂಶದ ಹೆಮ್ಮೆಗೆ ಎಡೆಯಿಲ್ಲವೆಂದು ಮಿಂಬರಿನಿಂದ ಕೇಳಿ ಬಂದು ಮನೆಯಲ್ಲಿ ಖಾಂದಾನ್ ವಿಚಾರಿಸುತ್ತೇವೆ. ಹೆಸರು ಬದಲಿಸಿದ ಕುಟುಂಬದ ಮಕ್ಕಳು ಮುಂದೆ ಪ್ರವರ್ಗ 1ರ ಜಾತಿ ಪ್ರಮಾಣಪತ್ರಕ್ಕೆ ಅಜ್ಜನ ಶಾಲಾ ದಾಖಲೆ ಹುಡುಕುತ್ತ ಅಲೆಯುವುದೂ ಉಂಟು. ಅಲ್ಲಿ ಅಜ್ಜ ಪಿಂಜಾರ, ಇಲ್ಲಿ ಮೊಮ್ಮಗ ಶೇಖ್.

ಹುಡುಕುವವರಿಗೆ ದಾರಿಗಳಿವೆ. 1852ರ ಕಾಯಿದೆಯ ಇನಾಮು ಕಮಿಷನ್ ಭೂಮಿ ಉಂಬಳಿಯಿದ್ದ ಮನೆತನಗಳಿಂದ ಸನದು ಕೇಳಿತು. ಆ ವಿಚಾರಣೆಯ ಕಾಗದಗಳಲ್ಲಿ ಎಷ್ಟೋ ತಲೆಮಾರುಗಳ ಹೆಸರಿವೆ. ಮುಂಬೈ ಪ್ರಾಂತದಲ್ಲಿ 1903ರಿಂದ ಹಕ್ಕುದಾಖಲೆ ಬಂತು, ವಾರಸಾ ನೋಂದಣಿ ಅದರಲ್ಲಿ ಸಿಗುತ್ತದೆ. ಹಳೆಯವು ಮೋಡಿ ಲಿಪಿಯಲ್ಲಿರುವುದರಿಂದ ಓದಿಸಬೇಕಾಗುತ್ತದೆ. ಮೂಡಲಗಿ 2018ರವರೆಗೆ ಗೋಕಾಕ ತಾಲೂಕಿನಲ್ಲಿಯೇ ಇದ್ದುದರಿಂದ ಅದರ ಹಳೆಯ ಕಾಗದಗಳಿಗೆ ಗೋಕಾಕದಲ್ಲಿಯೇ ವಿಚಾರಿಸಬೇಕು. ಕೊಲ್ಹಾಪುರ, ಜಮಖಂಡಿ ಸಂಸ್ಥಾನಗಳಿಗೆ ಸೇರಿದ್ದ ಊರುಗಳ ದಫ್ತರ ಬೇರೆ. ಊರ ಮಸೀದಿಯ ನಿಕಾಹ್ ದಫ್ತರ, ಶಾಲೆಯ ದಾಖಲಾತಿ ಪುಸ್ತಕಗಳನ್ನೂ ಬಿಡಬಾರದು. ಮಾಸ್ತರರು ಕಿವಿಗೆ ಕೇಳಿದಂತೆ ಬರೆದಿರುವುದರಿಂದ ಒಂದೇ ಮನೆಯ ಅಣ್ಣ ನದಾಫ, ತಮ್ಮ ನದಾಪ ಆಗಿರಬಹುದು. ಎರಡೂ ಬರಹಗಳನ್ನು ಹಿಡಿದು ಹುಡುಕಬೇಕು.