ಬಂಡೆಯ ಬಿರುಕು ಹುಡುಕುವ ತಂತಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳ ನೆಲದಡಿ ಕಲ್ಲಿದ್ದಲು ಇಲ್ಲ, ಇರುವುದು ಸಾಧ್ಯವೂ ಇಲ್ಲ. ಭಾರತದ ಕಲ್ಲಿದ್ದಲಿನ ಬಹುಪಾಲು ಸುಮಾರು 30 ಕೋಟಿಯಿಂದ 25 ಕೋಟಿ ವರ್ಷಗಳ ಹಿಂದೆ ಗೊಂಡವಾನ ಕಾಲದ ತಗ್ಗುಗಳಲ್ಲಿ ಹೂತುಹೋದ ಕಾಡುಗಳಿಂದ ಆದದ್ದು. ಗುಡೇಕೋಟೆಯ ಗುಂಡುಗಳನ್ನು ಹೊತ್ತು ನಿಂತಿರುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ, ಅದರ ಸುತ್ತಲಿನ ನೈಸ್ ಶಿಲೆಗೆ 300 ಕೋಟಿಗೂ ಮೇಲೆ. ನೆಲದ ಮೇಲೆ ಗಿಡಮರಗಳೇ ಇರದ ಕಾಲದ ಕಲ್ಲು ಇದು. ಕೊರೆಯುವಾಗ ಬೋರಿನಿಂದ ಕಪ್ಪು ಪುಡಿ ಎದ್ದರೆ ಅದು ಡೋಲರೈಟೋ ಕಪ್ಪು ಶಿಸ್ಟೋ ಆಗಿರುತ್ತದೆ. ಪಕ್ಕದ ಬಳ್ಳಾರಿ ಜಿಲ್ಲೆಯ ಕುಡತಿನಿಯ ಶಾಖೋತ್ಪನ್ನ ಸ್ಥಾವರ ಉರಿಸುವ ಕಲ್ಲಿದ್ದಲು ಹೊರಗಿನಿಂದ ರೈಲಿನಲ್ಲಿ ಬರುತ್ತದೆ.

ಕಲ್ಲಿದ್ದಲು, ತೈಲ, ಅದಿರು ಹುಡುಕಲೆಂದು ಯುರೋಪಿನಲ್ಲೂ ಅಮೆರಿಕದಲ್ಲೂ ಹದಗೊಂಡ ಎರಡು ವಿದ್ಯೆಗಳು ಮಾತ್ರ ಇಲ್ಲಿಗೂ ಬಂದವು. ಒಂದು ಗುರುತ್ವದ ಅಳತೆ, ಇನ್ನೊಂದು ವಿದ್ಯುತ್ ರೋಧಶೀಲತೆಯ ಅಳತೆ. ಇಲ್ಲಿ ಅವು ಹುಡುಕಿದ್ದು ನೀರನ್ನು. ಆ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡಬೇಕು, ಏಕೆಂದರೆ ನಮ್ಮ ಹೊಲಗಳಲ್ಲಿ ಈ ವಿದ್ಯೆಯನ್ನು ನಂಬುವವರೂ ಅಲ್ಲಗಳೆಯುವವರೂ ಅದರ ಶಕ್ತಿ ಎಲ್ಲಿಯವರೆಗೆ ಎಂಬುದನ್ನು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ.

ಉಪಕರಣಕ್ಕಿಂತ ಮೊದಲು ಇಲ್ಲಿಗೆ ಬಂದದ್ದು ಸುತ್ತಿಗೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಆಗಿನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯನ್ನು ಸುತ್ತಿ ಬರೆದ ವರದಿ 1895ರಲ್ಲಿ ಹೊರಬಂತು. ಧಾರವಾಡ ಶಿಲಾಸಮೂಹಕ್ಕೆ ಆ ಹೆಸರಿಟ್ಟವರೂ ಅವರೇ. ಡಂಬಳದಿಂದ ಚಿಕ್ಕನಾಯಕನಹಳ್ಳಿಯವರೆಗೆ ಹಬ್ಬಿದ ಶಿಸ್ಟ್ ಪಟ್ಟಿ ಹಡಗಲಿ, ಹರಪನಹಳ್ಳಿ ಸೀಮೆಯನ್ನು ಹಾಯುವುದನ್ನು ಅವರು ಗುರುತಿಸಿದರು. ಹರಪನಹಳ್ಳಿಯ ಚಿಗಟೇರಿ ಕಡೆಯ ಹಳ್ಳಗಳಲ್ಲಿ ಹಿಂದೆ ಮರಳು ಸೋಸಿ ಚಿನ್ನದ ಕಣ ತೆಗೆಯುತ್ತಿದ್ದದ್ದು ಈ ಪಟ್ಟಿಯ ನಂಟಿನಿಂದಲೇ. ಹೊಲಗಳ ನಡುವೆ ಸಾಲಾಗಿ ಕರಿಗುಂಡುಗಳನ್ನು ಹೊತ್ತು ಹೋಗುವ ಡೋಲರೈಟ್ ಗೋಡೆಗಳೂ ಅವರ ಗಮನಕ್ಕೆ ಬಂದಿದ್ದವು. ಕಣ್ಣಿಗೆ ಕಾಣುವ ಕಲ್ಲನ್ನು ಫೂಟ್ ಓದಿದಷ್ಟು ಚೆನ್ನಾಗಿ ಓದಿದವರು ವಿರಳ. ಎರೆ, ಮಸಾರಿ ಮಣ್ಣಿನ ಕೆಳಗೆ ಏನಿದೆ ಎಂದು ಹೇಳಲು ಮಾತ್ರ ಸುತ್ತಿಗೆ ಸಾಲದು.

ಭೂಮಿಯ ಸೆಳೆತವನ್ನು ಅಳೆಯುವ ಕೆಲಸ ಭಾರತದಲ್ಲಿ ಭೂಮಾಪನದ ಬೆನ್ನಿಗೇ ಶುರುವಾಯಿತು. 1865ರಿಂದ ಕ್ಯಾಪ್ಟನ್ ಬಸೇವಿ ಲೋಲಕಗಳನ್ನು ಹೊತ್ತು ಕನ್ಯಾಕುಮಾರಿ ತುದಿ, ಬೆಂಗಳೂರು, ಹಿಮಾಲಯ ಹೀಗೆ ಹಲವೆಡೆ ಅಳೆಯುತ್ತ ಹೋದರು. 1871ರಲ್ಲಿ ಲಡಾಖಿನ ಎತ್ತರದಲ್ಲಿ ಅಳತೆಯ ನಡುವೆಯೇ ತೀರಿಕೊಂಡರು. ಅವರ ಗುರಿ ಭೂಮಿಯ ಆಕಾರ, ಖನಿಜ ಅಲ್ಲ. ಹಂಗೆರಿಯ ಎಯೋಟ್ವೋಶ್ 1901ರ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಬಾಲಟನ್ ಸರೋವರದ ಮಂಜುಗಡ್ಡೆಯ ಮೇಲೆ ತನ್ನ ತಿರುಚು ತಕ್ಕಡಿಯನ್ನಿಟ್ಟು ಅಳೆದ ಮೇಲೆ ಗುರುತ್ವ ನೆಲದೊಳಗಿನ ಶೋಧಕ್ಕೆ ತಿರುಗಿತು. 1924ರಲ್ಲಿ ಟೆಕ್ಸಾಸಿನಲ್ಲಿ ಅದೇ ತಕ್ಕಡಿ ತೈಲದ ಸುಳಿವಾದ ಒಂದು ಉಪ್ಪಿನ ಗುಮ್ಮಟವನ್ನು ತೋರಿಸಿಕೊಟ್ಟಿತು. 1930ರ ದಶಕದಲ್ಲಿ ಲಕೋಸ್ಟ್ ರೂಪಿಸಿದ ಸ್ಪ್ರಿಂಗಿನಿಂದ ಉಪಕರಣ ಕೈಯಲ್ಲಿ ಹೊತ್ತೊಯ್ಯುವಷ್ಟು ಚಿಕ್ಕದಾಯಿತು.

ಇದರ ಲೆಕ್ಕ ಸರಳ. ಕಲ್ಲಿದ್ದಲಿನ ಸಾಂದ್ರತೆ ನೀರಿನ 1.3ರಿಂದ 1.5 ಪಟ್ಟು, ಅದರ ಸುತ್ತಲಿನ ಮರಳುಗಲ್ಲಿನದು ಸುಮಾರು 2.3, ಅಡಿಯ ನೈಸಿನದು 2.7. ಐದು ಮೀಟರ್ ದಪ್ಪದ ಕಲ್ಲಿದ್ದಲಿನ ಪದರ ಎಷ್ಟೇ ವಿಶಾಲವಾಗಿ ಹಾಸಿದ್ದರೂ ಸೆಳೆತದಲ್ಲಿ ತರುವ ಇಳಿಕೆ ಸುಮಾರು 0.2 ಮಿಲಿಗಾಲ್ (ಸೆಳೆತ ಅಳೆಯುವ ಮಾನ). ಅಳೆಯುವ ಜಾಗದ ಎತ್ತರ ಒಂದು ಮೀಟರ್ ತಪ್ಪಾದರೂ ಅಷ್ಟೇ ವ್ಯತ್ಯಾಸ ಬರುತ್ತದೆ. ಅದೇ, ನೈಸಿನ ನಡುವೆ ಕುಸಿದ ಒಂದು ಕಿಲೋಮೀಟರ್ ಆಳದ ಮರಳುಗಲ್ಲಿನ ತೊಟ್ಟಿಯಾದರೆ ಇಳಿಕೆ ಹದಿನೈದು ಮಿಲಿಗಾಲಿನ ಆಸುಪಾಸು. ಆದ್ದರಿಂದ ಗುರುತ್ವ ಕಲ್ಲಿದ್ದಲನ್ನು ತೋರಿಸುವುದಿಲ್ಲ, ಕಲ್ಲಿದ್ದಲು ಇರಬಹುದಾದ ತೊಟ್ಟಿಯನ್ನು ತೋರಿಸುತ್ತದೆ. ನಮಗೆ ಹತ್ತಿರದ ಕಲ್ಲಿದ್ದಲು ಸೀಮೆ ಗೋದಾವರಿ ಕಣಿವೆ. ಅಲ್ಲಿ ಯೆಲ್ಲಂದುವಿನ ಬಳಿ ವಿಲಿಯಂ ಕಿಂಗ್ 1871ರಲ್ಲಿ ಕಲ್ಲಿದ್ದಲು ಕಂಡದ್ದು ಕಣ್ಣಿನಿಂದಲೇ. ಆ ಕಣಿವೆ ಎರಡೂ ಬದಿಯಲ್ಲಿ ಸೀಳಿ ಕುಸಿದ ತೊಟ್ಟಿ ಎಂಬ ಗುರುತ್ವದ ಸಾಕ್ಷ್ಯವನ್ನು ಎಂ. ಎನ್. ಖುರೇಷಿ ಮತ್ತು ಸಂಗಡಿಗರು 1968ರಲ್ಲಿ ಮುಂದಿಟ್ಟರು.

1961ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ದೇಶದ ಗುರುತ್ವ ನಕ್ಷೆಗಳನ್ನು ಹೊರತಂದಿತು. ಭೂವೈಜ್ಞಾನಿಕ ಸರ್ವೇಕ್ಷಣೆಯ ಜೊತೆಗೂಡಿ ಮಾಡಿದ ಪರಿಷ್ಕೃತ ನಕ್ಷೆ 2006ರಲ್ಲಿ ಬಂತು. ಧಾರವಾಡ ಸೀಮೆಯಲ್ಲಿ ಚಿತ್ರದುರ್ಗ–ಗದಗ ಶಿಸ್ಟ್ ಪಟ್ಟಿ, ಸಂಡೂರಿನ ಕಬ್ಬಿಣದ ಬೆಟ್ಟಗಳಂಥ ಭಾರದ ಶಿಲೆಯ ಮೇಲೆ ಸೆಳೆತ ಏರುತ್ತದೆ, ಗ್ರಾನೈಟಿನ ಮೇಲೆ ಇಳಿಯುತ್ತದೆ. ಫೂಟ್ ಮೇಲಿನಿಂದ ಗುರುತಿಸಿದ ಪಟ್ಟಿಗಳಿಗೆ ಆಳ ಎಷ್ಟು ಎಂದು ಕೇಳಲು ಈಗ ಸಾಧ್ಯವಾಯಿತು. ಕೂಡ್ಲಿಗಿಯ ರೈತನಿಗೆ ಅದರಿಂದ ನೇರ ಪ್ರಯೋಜನ ಆಗಲಿಲ್ಲ. ಅವನಿಗೆ ಬೇಕಾದದ್ದು ತನ್ನ ನಾಲ್ಕು ಎಕರೆಯ ನಕ್ಷೆ.

ಆ ಅಗತ್ಯಕ್ಕೆ ಒದಗಿದ್ದು ವಿದ್ಯುತ್ತು. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜೆ 1912ರಲ್ಲಿ ನಾರ್ಮಂಡಿಯಲ್ಲಿ ನೆಲಕ್ಕೆ ವಿದ್ಯುತ್ ಹರಿಸಿ ಮೊದಲ ನಕ್ಷೆ ಬರೆದರು. ಅಮೆರಿಕದ ಫ್ರಾಂಕ್ ವೆನ್ನರ್ 1915ರಲ್ಲಿ ನಾಲ್ಕು ಸಲಾಕೆಗಳನ್ನು ಸಮಾನ ಅಂತರದಲ್ಲಿ ನೆಡುವ ಕ್ರಮ ಕೊಟ್ಟರು. 1927ರ ಸೆಪ್ಟೆಂಬರಿನಲ್ಲಿ ಪೆಶೆಲ್‌ಬ್ರಾನಿನ ತೈಲಬಾವಿಯೊಳಗೆ ತಂತಿ ಇಳಿಸಿ ಆಳದುದ್ದಕ್ಕೂ ರೋಧ ಅಳೆದದ್ದು ಮುಂದಿನ ಹೆಜ್ಜೆ. ಕಲ್ಲಿದ್ದಲಿನವರೂ ಇದನ್ನು ಕೈಗೆತ್ತಿಕೊಂಡರು. ಜೇಡಿಪದರ ವಿದ್ಯುತ್ತನ್ನು ಸಲೀಸಾಗಿ ಹರಿಯಬಿಡುತ್ತದೆ, ಕಲ್ಲಿದ್ದಲು ಸಾಮಾನ್ಯವಾಗಿ ತಡೆಯುತ್ತದೆ. ಹಾಗಾಗಿ ಕೊರೆದ ಕಂಡಿಯೊಳಗೆ ಪದರದ ಮೇಲುತುದಿ, ಕೆಳತುದಿ ಗೊತ್ತಾಗುತ್ತದೆ. 1975ರ ಡಿಸೆಂಬರಿನಲ್ಲಿ ಧನಬಾದ್ ಬಳಿಯ ಚಾಸ್‌ನಾಲಾ ಗಣಿಗೆ ನೀರು ನುಗ್ಗಿ 375 ಜನ ಸತ್ತರು. ನೀರು ತುಂಬಿದ ಹಳೆಯ ಸುರಂಗಗಳನ್ನು ಮೊದಲೇ ಪತ್ತೆಹಚ್ಚಲು ಈ ತಂತಿಗಳು ನೆರವಾಗುತ್ತವೆ ಎಂಬುದು ನನ್ನ ಮಟ್ಟಿಗೆ ಅವುಗಳ ಅತಿ ದೊಡ್ಡ ಉಪಯೋಗ. ಕಲ್ಲಿದ್ದಲು ಗಣಿಯಲ್ಲಿ ನೀರಿನಿಂದ ದೂರ ಇರಲು, ನಮ್ಮಲ್ಲಿ ನೀರಿನ ಹತ್ತಿರ ಹೋಗಲು ಉಪಕರಣ ಒಂದೇ.

ನಮ್ಮ ಕಡೆ ಇದು ಹೊಲಕ್ಕೆ ಇಳಿದದ್ದು ತೆರೆದ ಬಾವಿಗಳು ಬತ್ತತೊಡಗಿ, ಬಂಡೆ ಕೊರೆಯುವ ಗಾಳಿಸುತ್ತಿಗೆಯ ರಿಗ್‌ಗಳು 1960–70ರ ದಶಕಗಳಲ್ಲಿ ಬಂದ ಮೇಲೆ. ಬಾವಿಯಾದರೆ ಇಪ್ಪತ್ತು ಅಡಿ ಅಗಲದ ಗುಂಡಿ, ಅದು ತನ್ನ ಸುತ್ತಣ ಕೊಳೆತ ಕಲ್ಲಿನಿಂದ ಒಸರುವ ನೀರನ್ನು ಕೂಡಿಸಿಕೊಳ್ಳುತ್ತದೆ. ಬೋರಿಗೆ ಇರುವುದು ಆರೂವರೆ ಇಂಚಿನ ಕಂಡಿ. ಅದು ಬಿರುಕಿನ ಮೇಲೆಯೇ ಬೀಳಬೇಕು, ಹತ್ತು ಮಾರು ಆಚೆ ಬಿದ್ದರೆ ಒಣಪುಡಿ. ಜಾಗ ಆರಿಸುವುದು ಬದುಕಿನ ಪ್ರಶ್ನೆಯಾದದ್ದು ಹೀಗೆ. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಬಿ. ಪಿ. ರಾಧಾಕೃಷ್ಣರಂಥವರು ಅಂತರ್ಜಲದ ಕೆಲಸಕ್ಕೆ ಒತ್ತು ಕೊಟ್ಟರು. ಎಂ. ಬಿ. ರಾಮಚಂದ್ರ ರಾವ್ ಬರೆದ ಭೂಭೌತ ಶೋಧನೆಯ ಕೈಪಿಡಿಯನ್ನು ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ 1975ರಲ್ಲಿ ಪ್ರಕಟಿಸಿತು. ಆಮೇಲೆ ಗಂಗಾ ಕಲ್ಯಾಣದಂಥ ಯೋಜನೆಗಳಿಂದ ಜಿಯಾಲಜಿಸ್ಟ್ ಪಾಯಿಂಟ್ ಕೊಡುವುದು ಹಳ್ಳಿಯ ಮಾತಿನಲ್ಲೇ ಸೇರಿಹೋಯಿತು.

ಆ ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. ಬೇಸಿಗೆಯ ಹೊಲ, ಶೇಂಗಾ ಕಿತ್ತ ಮಸಾರಿ ನೆಲ. ನಡುವೆ ಮೀಟರ್ ಪೆಟ್ಟಿಗೆ, ಬ್ಯಾಟರಿ. ಎರಡೂ ದಿಕ್ಕಿಗೆ ಟೇಪು ಹಾಸಿ ತಂತಿಸುರುಳಿ ಬಿಡಿಸುತ್ತಾರೆ. ಒಳಗಿನ ಎರಡು ಸಲಾಕೆಗಳ ನಡುವೆ ವೋಲ್ಟೇಜ್ ಅಳೆಯುವುದು, ಹೊರಗಿನ ಎರಡರಿಂದ ವಿದ್ಯುತ್ ಹರಿಸುವುದು. ನೆಲ ಒಣಗಿದ್ದರೆ ಸಲಾಕೆ ಮಣ್ಣನ್ನು ಸರಿಯಾಗಿ ಕಚ್ಚುವುದಿಲ್ಲ, ಮಿಲಿಆಂಪಿಯರ್ ಏರುವುದಿಲ್ಲ. ಆಗ ಬುಡಕ್ಕೆ ಒಂದು ಚೊಂಬು ನೀರು ಹಾಕುತ್ತಾರೆ. ನೀರು ಹುಡುಕುವುದಕ್ಕೂ ಮೊದಲು ನೀರು ಬೇಕು. ವೆನ್ನರ್ ಕ್ರಮದಲ್ಲಿ ಸಲಾಕೆಗಳ ಅಂತರ ಹತ್ತು ಮೀಟರ್, ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ 0.8 ಓಮ್ ಬಂತು ಎನ್ನಿ, ಅದನ್ನು 62.8ರಿಂದ ಗುಣಿಸಿದರೆ ಸುಮಾರು 50 ಓಮ್-ಮೀಟರ್. ಸಲಾಕೆಗಳನ್ನು ದೂರ ಸರಿಸುತ್ತ ಹೋದಂತೆ ವಿದ್ಯುತ್ತು ಇನ್ನಷ್ಟು ಆಳಕ್ಕೆ ಇಳಿದು ಬರುತ್ತದೆ. ಎರೆಮಣ್ಣು ಹತ್ತು ಓಮ್-ಮೀಟರಿನ ಆಸುಪಾಸು, ತೇವದ ಗರಸು ಇಪ್ಪತ್ತರಿಂದ ನೂರರೊಳಗೆ, ಬಿರುಕಿಲ್ಲದ ಗ್ರಾನೈಟ್ ಸಾವಿರಗಟ್ಟಲೆ. ಅಂಕಿಗಳನ್ನು ಲಾಗ್ ಹಾಳೆಯಲ್ಲಿ ಗುರುತು ಹಾಕಿದರೆ ಒಳ್ಳೆಯ ಜಾಗದ ಗೆರೆ ಮೊದಲು ಎತ್ತರದಲ್ಲಿದ್ದು ಕೆಳಗಿಳಿದು ಮತ್ತೆ ಮೇಲೇರುತ್ತದೆ: ಒಣ ಮೇಲ್ಮಣ್ಣು, ತೇವದ ಕೊಳೆತ ಕಲ್ಲು, ಗಟ್ಟಿ ಬಂಡೆ. ಮೊದಲಿನಿಂದಲೂ ಏರುತ್ತಲೇ ಹೋಗುವ ಗೆರೆ ಕಂಡರೆ ಅನುಭವಿಗಳು ಸಲಾಕೆ ಕಿತ್ತು ಬೇರೆ ಕಡೆ ನಡೆಯುತ್ತಾರೆ. ಡೋಲರೈಟ್ ಗೋಡೆ ಇದ್ದರೆ ಅದಕ್ಕೆ ಅಡ್ಡಲಾಗಿ ಅಳೆಯುತ್ತಾರೆ. ಗೋಡೆ ಅಂತರ್ಜಲವನ್ನು ತಡೆದರೆ ನೀರು ನಿಲ್ಲುವುದು ಅದರ ಮೇಲ್ಬದಿಯಲ್ಲಿ, ಹಳ್ಳಕ್ಕೆ ಕಟ್ಟಿದ ಒಡ್ಡಿನ ಮೇಲ್ಬದಿಯಲ್ಲಿ ನಿಲ್ಲುವ ಹಾಗೆ.

ಈ ವಿದ್ಯೆ ಎಡವುವ ಜಾಗಗಳೂ ಗೊತ್ತಿರುವವೇ. ಜೇಡಿಯಿಂದಲೂ ಉಪ್ಪುನೀರಿನಿಂದಲೂ ರೋಧ ಇಳಿಯುತ್ತದೆ. ಕಡಿಮೆ ಅಂಕಿ ಬಂದ ಮಾತ್ರಕ್ಕೆ ಸಿಹಿನೀರು ಎನ್ನಲಾಗದು. ಗ್ರಾನೈಟ್ ಸೀಮೆಯಲ್ಲಿ ಸಿಕ್ಕ ನೀರಿನಲ್ಲಿ ಫ್ಲೋರೈಡ್ ಇದೆಯೇ ಎಂದು ತಂತಿ ಹೇಳುವುದಿಲ್ಲ, ಅದಕ್ಕೆ ಪ್ರಯೋಗಾಲಯ ಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಆಳದ್ದು. ಮೂವತ್ತು–ನಲವತ್ತು ಮೀಟರಿನ ತನಕ ಕೊಳೆತ ಪದರದ ದಪ್ಪವನ್ನು ಈ ಅಳತೆ ಚೆನ್ನಾಗಿ ಹೇಳುತ್ತದೆ. ನಾನೂರು ಅಡಿ ಕೆಳಗಿನ ಬೆರಳಗಲದ ಬಿರುಕನ್ನು ನೆಲದ ಮೇಲಿನಿಂದ ಗುರುತಿಸುವುದೆಂದರೆ ಕೊಟ್ಟೂರು ತೇರಿನ ದಿನ ಬೀದಿಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಹಿಡಿದಂತೆ. ಗೆರೆಯಲ್ಲಿನ ಸಣ್ಣ ಮುರಿತಗಳೇ ಬಿರುಕಿನ ಸುಳಿವು ಎಂಬ ವಾದವನ್ನು ಪಿ. ಎನ್. ಬಲ್ಲುಕ್ರಾಯ ಮತ್ತಿತರರು 1983ರಲ್ಲಿ ಮಂಡಿಸಿದರು. ಅದನ್ನು ಬಳಸುವವರು ಇಂದಿಗೂ ಇದ್ದಾರೆ, ಒಪ್ಪದವರೂ ಇದ್ದಾರೆ. ನನಗೆ ಅನಿಸುವಂತೆ ಆ ಮುರಿತಗಳು ಪಕ್ಕದ ಬೋರಿನ ದಾಖಲೆಯ ಜೊತೆ ಹೊಂದಿದಾಗ ಮಾತ್ರ ನಂಬಲರ್ಹ.

ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು, ಕವಲು ಕಡ್ಡಿ ಹಿಡಿದು ನೀರು ತೋರಿಸುವವರ ಬಳಿ ರೈತ ಹೋಗುತ್ತಾನೆ ಎಂದರೆ ಅದಕ್ಕೆ ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ರಿಗ್ ಬಂದು ನಿಂತ ಮೇಲೆ ಅಡಿಗಿಷ್ಟು ಎಂದು ಸಾಲ ಬೆಳೆಯುತ್ತದೆ. ಅವನಿಗೆ ಖಚಿತ ಮಾತು ಬೇಕು, ತೆಂಗಿನಕಾಯಿ ಅದನ್ನು ಕೊಡುತ್ತದೆ. ತಂತಿ ಕೊಡುವುದು ಸಾಧ್ಯತೆಯನ್ನು ಮಾತ್ರ. ಹಾಗಿದ್ದರೂ ಎಲ್ಲಿ ಕೊರೆಯಬಾರದು ಎಂಬುದನ್ನು ತಂತಿ ಹೇಳುವಷ್ಟು ನಂಬಿಕೆಯಿಂದ ಇನ್ನಾವುದೂ ಹೇಳುವುದಿಲ್ಲ. ಬೋರ್ ಫೇಲಾಗಿ ಮುಳುಗುವ ಮನೆಗಳ ನಾಡಿನಲ್ಲಿ ಅಷ್ಟೇ ದೊಡ್ಡ ಉಪಕಾರ.

ಈಚಿನ ಬೆಳವಣಿಗೆಯನ್ನು ಚಿಕ್ಕದಾಗಿ ಹೇಳಬಹುದು. 1990ರ ದಶಕದಿಂದ ಹತ್ತಾರು ಸಲಾಕೆಗಳನ್ನು ಒಂದೇ ಕೇಬಲ್ಲಿಗೆ ಸೇರಿಸಿ, ಕಂಪ್ಯೂಟರಿನಿಂದ ನೆಲದ ಸೀಳುಚಿತ್ರ ಬಿಡಿಸುವುದು ಸಾಧ್ಯವಾಯಿತು. ನಾಲ್ಕು ಸಲಾಕೆ ಒಂದು ಬಿಂದುವನ್ನು ತೋರಿಸಿದರೆ ಇದು ಹೊಲದ ಉದ್ದಕ್ಕೂ ತೋರಿಸುತ್ತದೆ. ಹೆಲಿಕಾಪ್ಟರಿನಿಂದ ತಂತಿಚೌಕಟ್ಟು ತೂಗಿಬಿಟ್ಟು ನೆಲದ ವಾಹಕತೆ ಅಳೆಯುವ ಪ್ರಯೋಗಕ್ಕೆ ಕೇಂದ್ರ ಸರ್ಕಾರ ದೇಶದಲ್ಲಿ ಆರಿಸಿದ ಆರು ಜಾಗಗಳಲ್ಲಿ ತುಮಕೂರು ಜಿಲ್ಲೆಯ ಅಂಕಸಂದ್ರವೂ ಒಂದು. ಅದೂ ನಮ್ಮಂಥದೇ ಗಟ್ಟಿಶಿಲೆಯ ಬರಸೀಮೆ. ಗುರುತ್ವವೂ ನೀರಿನ ಕಡೆ ತಿರುಗಿದೆ. 2002ರಲ್ಲಿ ಹಾರಿದ ಗ್ರೇಸ್ ಜೋಡಿ ಉಪಗ್ರಹಗಳ ಅಳತೆಯಿಂದ ರಾಜಸ್ಥಾನ, ಪಂಜಾಬ್, ಹರಿಯಾಣಗಳು 2002–2008ರ ನಡುವೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಕೊಂಡವು ಎಂದು ಲೆಕ್ಕ ಸಿಕ್ಕಿತು. ಆ ಕಣ್ಣಿಗೆ ನೂರಾರು ಕಿಲೋಮೀಟರಿನ ಸೀಮೆ ಬೇಕು, ಐದು ತಾಲ್ಲೂಕು ಅದಕ್ಕೆ ತೀರ ಚಿಕ್ಕದು.

ತುಂಗಭದ್ರೆಯ ನೀರನ್ನು ಕೂಡ್ಲಿಗಿ ಕಡೆಯ 74 ಕೆರೆಗಳಿಗೆ ಏರಿಸುವ ಯೋಜನೆ ರೂಪುಗೊಂಡಿರುವಾಗ ತಂತಿಗೆ ಹೊಸ ಕೆಲಸವೂ ಇದೆ. ಕೆರೆಯ ಅಡಿ ಎಲ್ಲಿ ಗರಸು ದಪ್ಪ, ಎಲ್ಲಿ ಬಂಡೆ ಮೇಲೆಯೇ ಇದೆ ಎಂದು ಮೊದಲೇ ಅಳೆದರೆ ಯಾವ ಕೆರೆಯ ನೀರು ಸುತ್ತಲಿನ ಬೋರುಗಳಿಗೆ ಇಳಿಯುತ್ತದೆ ಎಂದು ಅಂದಾಜು ಮಾಡಬಹುದು. ನಮಗಿರುವ ನಿಜವಾದ ಕೊರತೆ ದಾಖಲೆಯದು. ಈ ತಾಲ್ಲೂಕುಗಳಲ್ಲಿ ಕೊರೆದ ಬೋರುಗಳೇ ಈ ನೆಲದ ಅತಿ ದೊಡ್ಡ ಸಮೀಕ್ಷೆ. ಎಷ್ಟು ಅಡಿಗೆ ಕೇಸಿಂಗ್ ನಿಂತಿತು, ಎಷ್ಟನೇ ಅಡಿಗೆ ನೀರು ಬಂತು, ಯಾವ ಬಣ್ಣದ ಪುಡಿ ಎದ್ದಿತು ಎಂಬುದು ಬಹುಮಟ್ಟಿಗೆ ರಿಗ್ಗಿನವರ ನೆನಪಿನಲ್ಲೇ ಕರಗಿಹೋಗುತ್ತಿದೆ. ಬೋರ್ ಹಾಕಿಸುವವರಲ್ಲಿ ನನ್ನ ವಿನಂತಿ ಇಷ್ಟು: ಪಾಯಿಂಟ್ ಕೊಟ್ಟವರಿಂದ ಅಂಕಿಗಳ ಹಾಳೆಯನ್ನೂ ಗೆರೆಯನ್ನೂ ಬರೆಸಿಕೊಳ್ಳಿ, ಕೊರೆಯುವ ದಿನ ಅಡಿಯ ಲೆಕ್ಕವನ್ನು ನೀವೇ ಗುರುತು ಹಾಕಿಕೊಳ್ಳಿ, ಬೋರ್ ಫೇಲಾದರೂ ಆ ಹಾಳೆಯನ್ನು ಹರಿಯಬೇಡಿ. ಪಂಚಾಯಿತಿಗಳು ಅವನ್ನು ಒಟ್ಟುಗೂಡಿಸಿ ಎಲ್ಲರೂ ನೋಡುವಂತೆ ಇಡಲಿ.